ಕೋರ್ಟಿನ ಬಾಗಿಲಿಗೆ ಗಡಿಗಲ್ಲು

ದೆಲ್ಮೀರಾ ಜಗಳಗಂಟಿ, ಜಿಪುಣಿ. ಒಂದು ಗೇಣು ನೆಲವನ್ನು ಬದುಕಿದ್ದವರಿಗಾಗಲಿ ಸತ್ತವರಿಗಾಗಲಿ ಬಿಟ್ಟುಕೊಟ್ಟವಳಲ್ಲ. ಅವಳ ಮೊಕದ್ದಮೆಗಳನ್ನು ಕಾಲು ಶತಮಾನಕ್ಕೂ ಮೇಲೆ ನಡೆಸಿದ ವಕೀಲ ಲಿಸಾರ್ದೊ ಮುಟ್ಟಿದ್ದ ತೀರ್ಮಾನ ಇದು. ಸತ್ತವರ ವಿಷಯ ಉತ್ಪ್ರೇಕ್ಷೆಯಲ್ಲ. ಸ್ಮಶಾನದ ಹೊಸ ಗೋಡೆ ತನ್ನ ಕೋಸಿನ ಹಿತ್ತಲಿಗೆ ಒಂದು ಮೊಳ ನುಗ್ಗಿದೆಯೆಂದು ಅವಳು ಚರ್ಚಿನ ಮೇಲೆಯೇ ದಾವೆ ಹೂಡಿ ಗೆದ್ದಿದ್ದಳು. ಗೋಡೆ ಹಿಂದೆ ಸರಿಯಿತು. ಪಾದ್ರಿ ಮುಂದಿನ ಮೂರು ಭಾನುವಾರ ದುರಾಸೆಯ ಬಗ್ಗೆ ಪ್ರವಚನ ಮಾಡಿದರು. ದೆಲ್ಮೀರಾ ಮೂರೂ ಭಾನುವಾರ ಮೊದಲ ಸಾಲಿನಲ್ಲಿ ಕುಳಿತು ಕೇಳಿದಳು.

ಲಿಸಾರ್ದೊ ಅವರ ಕಚೇರಿ ವಿಲಾಮೆಂದ ಪೇಟೆಯಲ್ಲಿ, ಮೊಳೆ ಸುತ್ತಿಗೆ ಮಾರುವ ಅಂಗಡಿಯ ಮಹಡಿಯ ಮೇಲಿತ್ತು. ಗುರುವಾರ ಸಂತೆಯ ದಿನ. ಸ್ಪೇನಿನ ಗಲೀಸಿಯ ಪ್ರಾಂತ್ಯದ ಆ ಗುಡ್ಡಗಳ ಹಳ್ಳಿಯವರೆಲ್ಲ ಅಂದು ಸಂತೆ ಮುಗಿಸಿ, ಕೈಯಲ್ಲಿ ಮೊಟ್ಟೆಯನ್ನೋ ಒಣಗಿಸಿದ ಹಂದಿಮಾಂಸದ ಸರವನ್ನೋ ಹಿಡಿದು ವಕೀಲರ ಮೆಟ್ಟಿಲು ಹತ್ತುತ್ತಿದ್ದರು. ದೆಲ್ಮೀರಾ ಒಂದು ಚೀಲ ಚೆಸ್ಟ್‌ನಟ್ ಕಾಯಿ ತರುತ್ತಿದ್ದಳು. ಮೇಜಿನ ಮೇಲೆ ಸುರಿದು, ಚೀಲವನ್ನು ಮಡಚಿ ವಾಪಸು ಒಯ್ಯುತ್ತಿದ್ದಳು.

ಅವಳು ಹುಟ್ಟಿದ್ದು ಕೊರ್ತೆಲದಲ್ಲಿ. ಪೇಟೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿನ ಹೊಲಗಳು ಅಪ್ಪನಿಂದ ಮಕ್ಕಳಿಗೆ ಹಂಚಿ ಹಂಚಿ ಕರವಸ್ತ್ರದಷ್ಟಾಗಿವೆ. ಅವಳ ತಾಯಿ ಪೆರೆಗ್ರೀನಾಗೆ ಒಂದು ಚೆಸ್ಟ್‌ನಟ್ ತೋಪಿತ್ತು. ದೆಲ್ಮೀರಾ ಎಳೆಯ ಹುಡುಗಿಯಾಗಿದ್ದಾಗ ಪಕ್ಕದವನೊಬ್ಬ ತೋಪು ತನ್ನದೆಂದು ಕೋರ್ಟಿಗೆ ಹೋದ. ಆ ಕಾಲದಲ್ಲಿ ಕೋರ್ಟಿಗೆ ಹೇಳುವ ಪ್ರತಿಯೊಂದು ಮಾತನ್ನೂ ಸರ್ಕಾರದ ಮುದ್ರೆಯ ಕಾಗದದ ಮೇಲೆ ಬರೆಸಬೇಕಿತ್ತು. ಪೆರೆಗ್ರೀನಾ ಮೊದಲ ಕಾಗದಕ್ಕೆ ಕೋಳಿಗಳನ್ನು ಮಾರಿದಳು, ಎರಡನೆಯದಕ್ಕೆ ಹಂದಿಯನ್ನು ಮಾರಿದಳು. ಮೂರನೆಯದು ಬೇಕೆಂದಾಗ ಪೇಟೆಗೆ ಹೋಗಿ ತೋಪು ಅವನದೇ ಎಂದು ಹೆಬ್ಬೆಟ್ಟು ಒತ್ತಿ ಬಂದಳು.

ತೋಪು ನಿಜವಾಗಿ ಯಾರದಾಗಿತ್ತು ಎಂದು ಲಿಸಾರ್ದೊ ಒಮ್ಮೆ ಕೇಳಿದ್ದರು.

“ಯಾರಿಗ್ಗೊತ್ತು,” ಅಂದಿದ್ದಳು ದೆಲ್ಮೀರಾ. “ಅವನದೇ ಇದ್ದಿರಬಹುದು. ನಮ್ಮವ್ವ ಸತ್ತಿದ್ದು ಸೋತೆ ಅಂತಲ್ಲ ವಕೀಲ್ರೇ, ಗೊತ್ತಾಗ್ಲಿಲ್ಲವಲ್ಲ ಅಂತ.”

ಮದುವೆಯಾದ ಮೇಲೆ ಅವಳು ಗಂಡನ ಜೊತೆ ಸ್ವಿಟ್ಜರ್ಲೆಂಡಿಗೆ ಹೋದಳು. ಅವನು ಸುರಂಗ ಕೊರೆದ, ಅವಳು ಆಸ್ಪತ್ರೆಯ ಬಟ್ಟೆ ಒಗೆದಳು. ಅವನು ಅಲ್ಲೇ ಕೆಮ್ಮಿ ಕೆಮ್ಮಿ ಸತ್ತ. ಅವಳು ಒಬ್ಬಳೇ ಊರಿಗೆ ಮರಳಿದ ವರ್ಷವೇ ದೇಶದಲ್ಲಿ ಕೋರ್ಟಿನ ಸುಂಕವನ್ನು ರದ್ದು ಮಾಡಿದ್ದರು. ಉಳಿದವರು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದ ಆ ಸುದ್ದಿಯನ್ನು ದೆಲ್ಮೀರಾ ತನಗೇ ಬಂದ ಆಮಂತ್ರಣವೆಂದು ತಿಳಿದಳು. ಹರಿಯುವ ನೀರಿನ ಸರದಿ, ಗಾಡಿಯ ದಾರಿ, ಬೇಲಿ ದಾಟಿದ ಕೊಂಬೆ, ಕೊನೆಗೆ ಸ್ಮಶಾನ, ಎಲ್ಲದಕ್ಕೂ ಕೋರ್ಟಿಗೆ ಹೋದಳು. ಅರ್ಧ ಗೆದ್ದಳು, ಅರ್ಧ ಸೋತಳು. ಸೋತಾಗ ಅವಳ ಮುಖ ಕೆಡುತ್ತಿರಲಿಲ್ಲ ಎಂಬುದನ್ನು ಲಿಸಾರ್ದೊ ಗಮನಿಸಿರಲಿಲ್ಲ. ವಕೀಲರು ಗಮನಿಸುವ ವಿಷಯ ಅದಲ್ಲ.

ಕೊನೆಯ ಮೊಕದ್ದಮೆ ಎಲಾದಿಯೊನ ಜೊತೆಗೆ. ಅವಳ ಹುಲ್ಲುಗಾವಲಿಗೆ ತಾಗಿದ ಹೊಲದವನು, ಅವಳದೇ ವಯಸ್ಸಿನವನು. ಎಳವೆಯಲ್ಲಿ ಇಬ್ಬರೂ ಒಟ್ಟಿಗೆ ದನ ಕಾಯ್ದಿದ್ದರು. ಎಲಾದಿಯೊ ಸಾಧು ಮನುಷ್ಯ. ಜಗಳ ಹುಟ್ಟಿಸಿದ್ದು ಅಳಿಯ ಬ್ರಾಯ್ಸ್. ಆತ ಒರೆನ್ಸೆ ನಗರದವನು, ಮಾವನ ಹಳೆಯ ಕಣಜವನ್ನು ಪ್ರವಾಸಿಗರ ವಸತಿಗೃಹ ಮಾಡಬೇಕೆಂದು ಹೊರಟವನು. ಅದಕ್ಕೆ ನೀರು ಬೇಕಿತ್ತು. ಬತ್ತದ ಒರತೆಯೊಂದು ಇದ್ದುದು ಎರಡು ಜಮೀನುಗಳ ನಡುವಿನ ಗಡಿಗಲ್ಲಿನಿಂದ ಒಂದೇ ಹೆಜ್ಜೆ ಈಚೆಗೆ, ದೆಲ್ಮೀರಾಳ ಕಡೆ. ಬ್ರಾಯ್ಸ್ ವಿಮಾನದಿಂದ ತೆಗೆದ ಸರ್ಕಾರಿ ನಕ್ಷೆಯೊಂದನ್ನು ತಂದ. ನಕ್ಷೆಯ ಗೆರೆ ಒರತೆಯನ್ನು ದಾಟಿ ಹೋಗಿತ್ತು. ಕಲ್ಲನ್ನು ಯಾರೋ ಹಿಂದೆ ಸರಿಸಿದ್ದಾರೆ, ಒರತೆ ನಮ್ಮದು ಎಂದು ದಾವೆ ಹೂಡಿದ.

ಇದನ್ನು ಬಗೆಹರಿಸಲು ಕೊರ್ತೆಲದಲ್ಲಿ ನಕ್ಷೆ ಬೇಕಿಲ್ಲ. ಅಲ್ಲಿ ಗಡಿಗಲ್ಲು ನೆಡುವಾಗ ಒಂದು ಹೆಂಚನ್ನು ಎರಡಾಗಿ ಮುರಿದು, ಕಲ್ಲಿನ ಆ ಬದಿಗೊಂದು ಈ ಬದಿಗೊಂದು ಹೋಳು ಹೂಳುತ್ತಾರೆ. ಇಬ್ಬರು ನೆರೆಯವರೂ ತಮ್ಮ ತಮ್ಮ ಬದಿಯ ಹೋಳನ್ನು ತಾವೇ ಇಡಬೇಕು. ಅವಕ್ಕೆ ಸಾಕ್ಷಿಗಳು ಎಂದೇ ಹೆಸರು. ಕಲ್ಲಿನ ಅಡಿಯಲ್ಲಿ ಸಾಕ್ಷಿಗಳಿದ್ದು, ಮುರಿದ ಅಂಚು ಒಂದಕ್ಕೊಂದು ಕೂಡಿಕೊಂಡರೆ ಕಲ್ಲು ತನ್ನ ಜಾಗದಲ್ಲೇ ಇದೆಯೆಂದು ಅರ್ಥ. ಸಾಕ್ಷಿಗಳಿಲ್ಲದಿದ್ದರೆ ಯಾರೋ ಸರಿಸಿದ್ದಾರೆ.

ಅಂದರೆ ಕಲ್ಲು ಎತ್ತಿ ನೋಡಿದರೆ ಮುಗಿಯಿತು. ಎತ್ತುವವರು ಯಾರೂ ಇರಲಿಲ್ಲ. ಗಡಿಗಲ್ಲನ್ನು ಕದಲಿಸಿದವನು ಸತ್ತ ಮೇಲೆ ಅದೇ ಕಲ್ಲನ್ನು ಹೊತ್ತು, ಸತ್ತವರ ಮೆರವಣಿಗೆಯ ಹಿಂದೆ ಗುಡ್ಡ ಗುಡ್ಡ ಅಲೆಯುತ್ತ, ಇದನ್ನೆಲ್ಲಿಡಲಿ ಎಂದು ಕೇಳುತ್ತಿರುತ್ತಾನೆ ಎಂಬ ನಂಬಿಕೆ ಕೊರ್ತೆಲದಲ್ಲಿ ಇವತ್ತಿಗೂ ಇದೆ. ನಂಬುವುದಿಲ್ಲ ಎಂದು ಹೇಳುವವರೂ ಕಲ್ಲನ್ನು ಮುಟ್ಟುವುದಿಲ್ಲ. ನ್ಯಾಯಾಧೀಶರ ಕಣ್ಣೆದುರು, ಅವರ ಅಪ್ಪಣೆಯ ಮೇಲೆ ತೆಗೆದರೆ ಮಾತ್ರ ದೋಷವಿಲ್ಲವೆಂದು ಹಿರಿಯರು ಒಪ್ಪುತ್ತಾರೆ. ದೆಲ್ಮೀರಾ ಕೇಳಿದ್ದು ಇಷ್ಟೇ. ನ್ಯಾಯಾಧೀಶರು ಹಳ್ಳಿಗೆ ಬರಲಿ, ನಿಂತು ಕಲ್ಲು ಎತ್ತಿಸಲಿ.

ನ್ಯಾಯಾಧೀಶರು ದಕ್ಷಿಣದಿಂದ ಬಂದ ಯುವತಿ. ಮೇಜಿನ ತುಂಬ ಕಡತಗಳಿದ್ದವು. ನಕ್ಷೆ ಸ್ಪಷ್ಟವಾಗಿದೆ, ಸ್ಥಳಪರಿಶೀಲನೆ ಅನಗತ್ಯ ಎಂದು ಬರೆದು, ಕಲ್ಲನ್ನು ಎರಡು ಹೆಜ್ಜೆ ಸರಿಸಬೇಕೆಂದು ತೀರ್ಪು ಕೊಟ್ಟರು.

ಮೇಲ್ಮನವಿಗೆ ಇಪ್ಪತ್ತು ದಿನ ಅವಕಾಶ. ಗೆಲ್ಲುವ ಮನವಿ ಎಂದು ಲಿಸಾರ್ದೊ ಅವರಿಗೆ ಖಾತ್ರಿಯಿತ್ತು. ಆದರೆ ಆ ಚಳಿಗಾಲಕ್ಕೆ ಸರಿಯಾಗಿ ಕೋರ್ಟಿನ ಸುಂಕ ಮರಳಿ ಬಂದಿತ್ತು. ಖಜಾನೆ ಬರಿದಾಗಿದೆ, ಜನ ಸಣ್ಣಪುಟ್ಟದಕ್ಕೆಲ್ಲ ಕೋರ್ಟಿಗೆ ಬರುತ್ತಾರೆ, ಸುಂಕ ಹಾಕಿದರೆ ಸುಧಾರಿಸುತ್ತಾರೆ ಎಂದು ರಾಜಧಾನಿಯವರು ಹೇಳಿದರು. ಮೇಲ್ಮನವಿಯ ಬಾಗಿಲಿಗೆ ಎಂಟುನೂರು ಯೂರೊ.

ಲಿಸಾರ್ದೊ ಇದನ್ನು ವಿವರಿಸಿದಾಗ ದೆಲ್ಮೀರಾ ಚೆಸ್ಟ್‌ನಟ್ ಸುರಿಯುತ್ತಿದ್ದವಳು ಚೀಲವನ್ನು ನೆಟ್ಟಗೆ ಹಿಡಿದು ನಿಂತಳು.

“ಗೆದ್ರೋ ಸೋತ್ರೋ ಆಮೇಲೆ ಕೊಡೋದಾ?”

“ಇಲ್ಲ. ಮುಂಚೆ.”

“ಕೇಳೋಕೆ ಮುಂಚೆ.”

“ಕೇಳೋಕೆ ಮುಂಚೆ.”

ಅವಳಲ್ಲಿ ಹಣವಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಸ್ವಿಟ್ಜರ್ಲೆಂಡಿನ ಪಿಂಚಣಿ ಬರುತ್ತಿತ್ತು. ಖರ್ಚು ಮಾಡುವ ಜಾಯಮಾನ ಅವಳದಲ್ಲ. ಲಿಸಾರ್ದೊ ಬಡತನದ ಅರ್ಜಿಯ ಮಾತೆತ್ತಿದರು. ಕೈಲಾಗದವರೆಂದು ಬರೆದುಕೊಟ್ಟರೆ ಸುಂಕ ಮಾಫಿ ಆಗಬಹುದಿತ್ತು. ಒಂಬತ್ತು ತುಂಡು ಹೊಲ ಇರುವವಳು ಬಡವಿ ಎಂದು ಸುಳ್ಳು ಬರೆಯುವುದಿಲ್ಲ ಎಂದಳು. ಹಾಗಾದರೆ ತಾವೇ ಕಟ್ಟುವುದಾಗಿ ಲಿಸಾರ್ದೊ ಹೇಳಿದರು. ಅದಕ್ಕೆ ಬಂದ ಉತ್ತರ ಅವರಿಗೆ ಬಹಳ ದಿನ ಚುಚ್ಚಿತು.

“ನೀವು ಯಾಕೆ ಕಟ್ತೀರಿ ವಕೀಲ್ರೇ? ಬಾಗಿಲಲ್ಲಿ ಅವರು ದುಡ್ಡು ಕೇಳ್ತಾರೆ, ನಿಮ್ಮ ಮೆಟ್ಟಿಲಲ್ಲಿ ನೀವು ಕೇಳ್ತೀರಿ. ನಿಮ್ಮದು ನಾನು ಕೊಟ್ಟಿದೀನಿ, ನೀವು ದುಡೀತೀರಿ ಅಂತ. ಬಾಗಿಲು ಏನು ದುಡಿಯುತ್ತೆ?”

ಇಪ್ಪತ್ತು ದಿನ ಕಳೆದುಹೋಯಿತು. ತೀರ್ಪು ಕಾಯಂ ಆಯಿತು. ಎಂಟುನೂರು ಉಳಿಸಿಕೊಳ್ಳಲು ಒರತೆ ಕಳೆದುಕೊಂಡಳು, ಹಾಸಿಗೆಯಡಿಯ ನೋಟುಗಳ ಜೊತೆಯಲ್ಲೇ ಹೂಳಿಸಿಕೊಳ್ಳುತ್ತಾಳೆ ಎಂದು ಸಂತೆಯಲ್ಲಿ ಆಡಿಕೊಂಡರು. ಲಿಸಾರ್ದೊ ಅವರಿಗೂ ಹಾಗೇ ಅನ್ನಿಸಿತು.

ಮರು ಗುರುವಾರ ಬಸ್ಸಿನಿಂದ ದೆಲ್ಮೀರಾ ಇಳಿದಾಗ ಅವಳ ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೊಂದು ಕಲ್ಲು ಇತ್ತು. ಕೋಸುಗಡ್ಡೆಗಿಂತ ತುಸು ದೊಡ್ಡದು, ಉದ್ದುದ್ದ, ಅವಳ ಹಿತ್ತಲಿನದು. ಆ ಕಡೆಯ ಹಳೆಯ ಹೆಂಗಸರು ಹಾಲಿನ ಕೊಡದಿಂದ ಹಿಡಿದು ಶವಪೆಟ್ಟಿಗೆಯವರೆಗೆ ಎಲ್ಲವನ್ನೂ ತಲೆಯ ಮೇಲೆ ಹೊತ್ತವರು. ಸಂತೆಯ ನಡುವೆ ಕೈ ಬೀಸಿಕೊಂಡು ನಡೆದು ಹೋಗಿ, ಕೋರ್ಟಿನ ಹೊಸ್ತಿಲ ಮುಂದೆ ಕಲ್ಲನ್ನು ನಿಲ್ಲಿಸಿದಳು. ಉಡಿಯಿಂದ ಹೆಂಚಿನ ಎರಡು ಹೋಳು ತೆಗೆದು ಅತ್ತ ಒಂದು ಇತ್ತ ಒಂದು ಇಟ್ಟಳು. ಪಕ್ಕದ ಮೆಟ್ಟಿಲಿನ ಮೇಲೆ ಕುಳಿತು ಕಾಲುಚೀಲ ಹೆಣೆಯತೊಡಗಿದಳು.

ಕಾವಲುಗಾರ ಶಾಕೊಬೆ ಹೊರಗೆ ಬಂದ.

“ಏನಮ್ಮಾ ಇದು?”

“ಗಡಿಗಲ್ಲು.”

“ಯಾರ ಗಡಿ?”

“ದುಡ್ಡಿದ್ದೋರು ಆ ಕಡೆ, ಇಲ್ದೋರು ಈ ಕಡೆ. ಹೊಸ ಗಡಿ ಹಾಕಿದಾರಲ್ಲಪ್ಪ, ಗುರುತು ಬೇಡ್ವಾ? ನಾಳೆ ಯಾರಾದ್ರೂ ತಿಳೀದೆ ಒಳಗೆ ನುಗ್ಗಿಬಿಟ್ರೆ?”

ಶಾಕೊಬೆ ನಗದಿರಲು ಪ್ರಯತ್ನಿಸಿ ಕಲ್ಲನ್ನು ಎತ್ತಲು ಬಗ್ಗಿದ. ಅಷ್ಟರಲ್ಲಿ ಹೆಂಚಿನ ಹೋಳು ಕಂಡು ಕೈ ಹಿಂದೆ ತೆಗೆದುಕೊಂಡ. ಅವನೂ ಗುಡ್ಡದ ಕಡೆಯವನು. ಒಳಗೆ ಹೋಗಿ, ಅದನ್ನು ತೆಗೆಯುವುದು ತನ್ನ ಕೆಲಸದ ಪಟ್ಟಿಯಲ್ಲಿಲ್ಲ ಎಂದ. ನ್ಯಾಯಾಧೀಶರು, ವಕೀಲರು, ಗುಮಾಸ್ತರು ಅಂದೆಲ್ಲ ಕಲ್ಲನ್ನು ಸುತ್ತಿಕೊಂಡೇ ಓಡಾಡಿದರು. ಸಂಜೆ ಬಸ್ಸಿನ ಹೊತ್ತಿಗೆ ಅವಳೇ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದಳು.

ಮುಂದಿನ ಗುರುವಾರ ಮತ್ತೆ ಬಂದಳು. ಅದರ ಮುಂದಿನ ಗುರುವಾರವೂ. ಭಾರ ಹೊರುವ ಕಷ್ಟ ನೋಡಲಾರದೆ ಶಾಕೊಬೆ, ಬಾಗಿಲ ಹಿಂದೆ ಇಟ್ಟಿರುತ್ತೇನೆ, ಬಂದಾಗ ಕೊಡುತ್ತೇನೆ ಎಂದ. ನಿಮ್ಮ ಬಾಗಿಲ ಹಿಂದೆ ಇಟ್ಟರೆ ನಿಮ್ಮ ಕಲ್ಲಾಗುತ್ತದೆ ಎಂದಳು. ಬಸ್ಸಿನ ಚಾಲಕ ಕಲ್ಲಿಗೂ ಟಿಕೆಟ್ ಕೇಳಿದ, ಕೊಡಲಿಲ್ಲ. ನಗರಸಭೆಯ ಪೊಲೀಸನೊಬ್ಬ ದಾರಿಗೆ ಅಡ್ಡಿ ಮಾಡಿದಳೆಂದು ಅರವತ್ತು ಯೂರೊ ದಂಡ ಬರೆದ. ದಂಡದ ವಿರುದ್ಧ ತಕರಾರು ಹೂಡಲು ಲಿಸಾರ್ದೊ ಲೆಕ್ಕ ನೋಡಿದರೆ, ಆ ತಕರಾರಿನ ಸುಂಕವೇ ಇನ್ನೂರು. ಇದನ್ನು ಕೇಳಿದ ದಿನ ದೆಲ್ಮೀರಾ ಬದುಕಿನಲ್ಲಿ ಮೊದಲ ಬಾರಿಗೆ ಅವರ ಕಚೇರಿಯಲ್ಲಿ ಕಣ್ಣೀರು ಬರುವಂತೆ ನಕ್ಕಳು. ದಂಡವನ್ನೂ ಕಟ್ಟಲಿಲ್ಲ. ಪಿಂಚಣಿಯಿಂದ ಮುರಿದುಕೊಂಡರು.

ಬೇಸಿಗೆಯಲ್ಲಿ ವಕೀಲರೇ ಸುಂಕದ ವಿರುದ್ಧ ಬೀದಿಗಿಳಿದರು. ಕರಿ ನಿಲುವಂಗಿ ತೊಟ್ಟು, ಪೀಪಿ ಊದುತ್ತ ಕೋರ್ಟಿನ ಮುಂದೆ ನಿಂತರು. ಪತ್ರಿಕೆಯವರು ಬಂದಿದ್ದರು. ದೆಲ್ಮೀರಾಳನ್ನು ನಡುವೆ ನಿಲ್ಲಿಸಿ ಫೋಟೊ ತೆಗೆಸಬೇಕೆಂದು ಸಂಘದ ಅಧ್ಯಕ್ಷರಿಗೆ ಆಸೆ. ಅವಳನ್ನು ಕರೆಯಲು ಲಿಸಾರ್ದೊ ಅವರನ್ನೇ ಕಳಿಸಿದರು.

“ನೀವೂ ಒಂದು ಪೀಪಿ ಇಟ್ಕೊಂಡಿದೀರಾ?” ಎಂದು ಕೇಳಿದಳು ದೆಲ್ಮೀರಾ.

ಇಟ್ಟುಕೊಂಡಿದ್ದರು. ಅರವತ್ತು ದಾಟಿದ ವಕೀಲರು ಅದನ್ನು ಜೇಬಿಗೆ ಸೇರಿಸಿದರು.

“ಊದಿ, ಊದಿ. ಆದ್ರೆ ಊದಿ ಮನೆಗೆ ಹೋಗ್ತೀರಿ. ಮುಂದಿನ ವಾರ ನಾನೂ ಈ ಕಲ್ಲೂ ಇಲ್ಲೇ ಇರ್ತೀವಿ. ಫೋಟೊ ಬೇಕಿದ್ರೆ ಕಲ್ಲಿಂದು ತೆಗೀಲಿ. ಅದು ನನಗಿಂತ ನೋಡೋಕೆ ಚೆನ್ನಾಗಿದೆ.”

ಫೋಟೊ ಕಲ್ಲಿನದೇ ಬಂತು. ಆಮೇಲೆ ಒಬ್ಬೊಬ್ಬರಾಗಿ ಬೇರೆಯವರು ಬರತೊಡಗಿದರು. ಹೊಸ ಮನೆಯ ಗೋಡೆ ಬಿರುಕು ಬಿಟ್ಟಿದ್ದರೂ ಕಟ್ಟಿದವನ ಮೇಲೆ ದಾವೆ ಹೂಡಲಾಗದ ಗಾರೆಯವನು ಬಂದ, ಅಣ್ಣ ಪಾಲು ಕೊಡದ ವಿಧವೆ ಬಂದಳು. ಯಾರೂ ಘೋಷಣೆ ಕೂಗಲಿಲ್ಲ. ತಮ್ಮ ಹೊಲದ ಒಂದು ಬೆಣಚುಕಲ್ಲನ್ನು ತಂದು ಅವಳ ಕಲ್ಲಿನ ಸಾಲಿನಲ್ಲಿಟ್ಟು, ಸ್ವಲ್ಪ ಹೊತ್ತು ಕುಳಿತು, ಸಂಜೆ ಅದನ್ನು ಎತ್ತಿಕೊಂಡು ಹೋಗುತ್ತಿದ್ದರು. ಕೆಲವು ಗುರುವಾರ ಸಾಲು ಬೀದಿಯ ತಿರುವಿನವರೆಗೆ ಹೋಗುತ್ತಿತ್ತು. ದೆಲ್ಮೀರಾ ಅವರ ನಾಯಕಿಯಾಗಲಿಲ್ಲ. ಯಾರಿಗೂ ತನ್ನ ಮೆಕ್ಕೆಜೋಳದ ರೊಟ್ಟಿಯಲ್ಲಿ ಚೂರು ಮುರಿದುಕೊಡಲಿಲ್ಲ. ವಿಧವೆಗೆ, ನಿನ್ನ ಕಲ್ಲು ನನ್ನ ಜಾಗಕ್ಕೆ ಬಂದಿದೆ, ಆಚೆ ಸರಿಸು ಎಂದಳು.

ಎರಡು ವರ್ಷ ಹೀಗೇ ನಡೆಯಿತು. ಆ ಎರಡು ವರ್ಷವೂ ಕೊರ್ತೆಲದ ನಿಜವಾದ ಗಡಿಗಲ್ಲು ಇದ್ದಲ್ಲೇ ಇತ್ತು. ತೀರ್ಪಿನ ಪ್ರಕಾರ ಅದನ್ನು ಸರಿಸಲು ಕೋರ್ಟಿನ ಅಮೀನ ಬಂದ, ಅಳತೆಯವನು ಹುಲ್ಲಿನ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋದ. ಎತ್ತಲು ಆಳು ಸಿಗಲಿಲ್ಲ. ಬ್ರಾಯ್ಸ್ ಪೇಟೆಯಿಂದ ಅಗೆಯುವ ಯಂತ್ರ ತರಿಸಿದ. ಅದರ ಚಾಲಕ ಪಕ್ಕದ ಹಳ್ಳಿಯವನು. ಕಲ್ಲನ್ನು ನೋಡಿ, ಯಂತ್ರ ಕೆಟ್ಟಿದೆ ಎಂದು ತಿರುಗಿಸಿಕೊಂಡು ಹೋದ. ಆಮೇಲೆ ಬ್ರಾಯ್ಸ್ ತಾನೇ ಹಾರೆ ಹಿಡಿದು ಬಂದಾಗ ಎಲಾದಿಯೊ ಅಡ್ಡ ನಿಂತು, ನನ್ನ ಮನೆಯ ಅನ್ನ ತಿಂದವನು ಅದನ್ನು ಮುಟ್ಟಕೂಡದು, ಆ ಭಾರ ನನ್ನ ಮಗಳ ಮಕ್ಕಳ ಮೇಲೆ ಬರುತ್ತದೆ ಎಂದ. ಮುದುಕ ತಾನು ಗೆದ್ದ ಒರತೆಯನ್ನು ದೂರದಿಂದ ನೋಡುತ್ತ ಸೊರಗತೊಡಗಿದ. ಮನೆಯಲ್ಲಿ ಅಳಿಯನ ಜೊತೆ ಮಾತು ನಿಂತಿತು, ಆಮೇಲೆ ಮಗಳ ಜೊತೆಗೂ.

ಹೀಗಾಗಿ ನೀರು ದೆಲ್ಮೀರಾಳ ಹುಲ್ಲಿಗೇ ಹರಿಯುತ್ತಿತ್ತು. ಸೋತೂ ಗೆದ್ದಳಲ್ಲ, ದೆವ್ವಗಳು ಪುಕ್ಕಟೆ ವಕಾಲತ್ತು ಮಾಡುತ್ತಿವೆ ಎಂದು ಲಿಸಾರ್ದೊ ಒಮ್ಮೆ ತಮಾಷೆ ಮಾಡಿದರು. ಅವಳು ನಗಲಿಲ್ಲ.

ಮೂರನೆಯ ಚಳಿಗಾಲದ ಕೊನೆಗೆ, ಫೆಬ್ರುವರಿ ಮುಗಿಯುವಾಗ, ಸರ್ಕಾರ ಮಣಿಯಿತು. ಸಾಮಾನ್ಯ ಜನರಿಗೆ ಕೋರ್ಟಿನ ಸುಂಕವಿಲ್ಲ ಎಂದು ಆಜ್ಞೆ ಬಂತು. ಕಳೆದುಹೋದ ಗಡುವುಗಳು ಮಾತ್ರ ಕಳೆದುಹೋದವೇ. ಗುರುವಾರ ಶಾಕೊಬೆ ಬಾಗಿಲಲ್ಲೇ ಕಾದಿದ್ದು ದೆಲ್ಮೀರಾಗೆ ಸುದ್ದಿ ಹೇಳಿದ. ಅವಳು ಪೂರ್ತಿ ಕೇಳಿ, ಕಲ್ಲನ್ನು ತಲೆಯಿಂದ ಇಳಿಸದೆಯೇ ತಿರುಗಿ ವಕೀಲರ ಕಚೇರಿಗೆ ಬಂದಳು. ಭಾನುವಾರ ಕೊರ್ತೆಲಕ್ಕೆ ಬರಬೇಕು, ಎಲಾದಿಯೊಗೂ ಹೇಳಿ ಕಳಿಸಿದ್ದೇನೆ ಎಂದಳು. ಯಾಕೆಂದು ಹೇಳಲಿಲ್ಲ. ಹೊಸ ದಾವೆಯ ವಾಸನೆ ಬಡಿದು ಲಿಸಾರ್ದೊ ನಿಟ್ಟುಸಿರಿಟ್ಟರು.

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಹುಲ್ಲುಗಾವಲಿನಲ್ಲಿ ಅರ್ಧ ಊರೇ ಸೇರಿತ್ತು. ಎಲಾದಿಯೊ ಕೋಲೂರಿಕೊಂಡು ತನ್ನ ಬದಿಯಲ್ಲಿ ನಿಂತಿದ್ದ, ಬ್ರಾಯ್ಸ್ ಕಾರಿನ ಬಳಿ. ದೆಲ್ಮೀರಾ ಗುದ್ದಲಿ ಹಿಡಿದು ಬಂದು, ಯಾರನ್ನೂ ಮಾತಾಡಿಸದೆ ಗಡಿಗಲ್ಲಿನ ಬುಡ ಅಗೆಯತೊಡಗಿದಳು. ಒಬ್ಬ ಹೆಂಗಸು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

“ಬೇಡ ಕಣೇ ದೆಲ್ಮೀರಾ,” ಅಂದ ಎಲಾದಿಯೊ. “ಸತ್ತ ಮೇಲೆ ಹೊರಬೇಕಾಗತ್ತೆ.”

“ಎರಡು ವರ್ಷ ಹೊತ್ತಿದೀನಿ. ಅಭ್ಯಾಸ ಆಗಿದೆ.”

ಕಲ್ಲು ಸಡಿಲವಾಯಿತು. ತೋಳಿನಲ್ಲಿ ತಬ್ಬಿ ಅದನ್ನು ಪಕ್ಕಕ್ಕೆ ಉರುಳಿಸಿ, ಮೊಣಕಾಲೂರಿ ಗುಂಡಿಯಲ್ಲಿ ಕೈಯಾಡಿಸಿದಳು. ಎಡಗಡೆ ಒಂದು ಹೋಳು ಸಿಕ್ಕಿತು. ಬಲಗಡೆ ಇನ್ನೊಂದು. ಲಂಗಕ್ಕೆ ಒರೆಸಿ ಲಿಸಾರ್ದೊ ಅವರ ಕೈಗೆ ಕೊಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು ಅಂಚಿಗೆ ಅಂಚು ಹಿಡಿದರು. ಕೂದಲೆಳೆ ಬಿರುಕೂ ಇಲ್ಲದೆ ಕೂಡಿಕೊಂಡವು. ಕಲ್ಲು ನೆಟ್ಟ ದಿನದಿಂದ ಅಲ್ಲೇ ಇತ್ತು. ಒರತೆ ಅವಳದೇ.

ಎಲ್ಲರೂ ನೋಡಿದರು. ಬ್ರಾಯ್ಸ್ ಕೂಡ ಹತ್ತಿರ ಬಂದು ನೋಡಿ, ಕಾರಿನ ಬಳಿಗೆ ಮರಳಿದ. ಇದು ಹೊಸ ಸಾಕ್ಷ್ಯ, ಮೊಕದ್ದಮೆ ಮತ್ತೆ ತೆರೆಸಲು ದಾರಿ ಹುಡುಕಬಹುದು, ನಾಳೆಯೇ ಬರೆಯುತ್ತೇನೆ ಎಂದು ಲಿಸಾರ್ದೊ ಬಡಬಡಿಸಿದರು.

“ಗೊತ್ತಾಯ್ತಲ್ಲ,” ಅಂದಳು ದೆಲ್ಮೀರಾ. ಅವರ ಕೈಯಿಂದ ಹೋಳುಗಳನ್ನು ತೆಗೆದುಕೊಂಡು ಉಡಿಗೆ ಹಾಕಿಕೊಂಡಳು.

ಆಮೇಲೆ ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು, ಎತ್ತಿಕೊಡಲು ಲಿಸಾರ್ದೊ ಅವರಿಗೆ ಸನ್ನೆ ಮಾಡಿದಳು. ಪೇಟೆಗೆ ಹೊರುತ್ತಿದ್ದ ಕಲ್ಲಿಗಿಂತ ಈ ಗಡಿಗಲ್ಲು ಹೆಚ್ಚು ಭಾರವಿತ್ತು. ಮನೆಯ ಕಡೆಗೋ ಕೋರ್ಟಿನ ಕಡೆಗೋ ಎಂದು ಅವರು ನೋಡುತ್ತಿರುವಂತೆಯೇ ಅವಳು ಎರಡು ಹೆಜ್ಜೆ ನಡೆದು, ತನ್ನದೇ ನೆಲದೊಳಗೆ, ಒರತೆಯ ಆಚೆಗೆ, ಮಾಸಿದ ಕೆಂಪು ಗುರುತಿನ ಮೇಲೆ ನಿಂತಳು.

“ಏನ್ ಮಾಡ್ತಿದೀಯ ತಾಯಿ?” ಅಂದರು ಲಿಸಾರ್ದೊ. ಇಷ್ಟು ವರ್ಷದಲ್ಲಿ ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

“ತೀರ್ಪಿದೆಯಲ್ಲ. ಆ ಬಾಗಿಲಲ್ಲಿ ನಾನು ಕೂತಿದ್ದು ಕೋರ್ಟಿನ ಒಳಗಿಂದ ಬಂದ ಮಾತನ್ನ ದೆವ್ವದ ಭಯಕ್ಕೆ ಬಿಟ್ಟುಕೊಡೋಕಲ್ಲ. ಇಳಿಸಿ.”

ಇಳಿಸಿದರು. ಅವಳು ಗುಂಡಿ ತೋಡಿ ಕಲ್ಲನ್ನು ನಿಲ್ಲಿಸಿ, ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು. ಎಲಾದಿಯೊ ಕೋಲು ಎಳೆಯುತ್ತ ಬಂದು, ಒರತೆಯ ನೀರನ್ನು ನಿಲ್ಲಿಸುವುದಿಲ್ಲ, ನೀನು ಬೇಕಾದಷ್ಟು ಬಿಟ್ಟುಕೋ ಎಂದು ಗೊಣಗಿದ.

“ನಿಲ್ಸಿ ನೋಡು ಬೇಕಾದ್ರೆ,” ಅಂದಳು. “ಕೋರ್ಟಿನ ಬಾಗಿಲು ಈಗ ಪುಕ್ಕಟೆ.”

ಉಡಿಯಿಂದ ಹೆಂಚಿನ ಹೋಳುಗಳನ್ನು ತೆಗೆದು, ಒಂದನ್ನು ಅವನ ಕೈಗೆ ಕೊಟ್ಟಳು. ಅವನು ಬಗ್ಗಲಾರದೆ ಬಗ್ಗಿ ತನ್ನ ಬದಿಯಲ್ಲಿಟ್ಟ. ಇನ್ನೊಂದನ್ನು ಅವಳು ತನ್ನ ಬದಿಯಲ್ಲಿಟ್ಟು, ಮಣ್ಣೆಳೆದು, ಕಾಲಿನಿಂದ ತುಳಿದು ಗಟ್ಟಿ ಮಾಡಿದಳು.